ಶನಿವಾರ ಕೊಲೋಮಾ ಪ್ರವಾಸ: ಬರುವವರು ಓದಿ ಉತ್ತರಿಸಿ

ಎಲ್ಲರಿಗೂ ನಮಸ್ಕಾರ 🙏

ಈ ಶನಿವಾರ ಕೊಲೋಮಾಗೆ, ಅಂದರೆ ಕ್ಯಾಲಿಫೋರ್ನಿಯಾದ ಚಿನ್ನದ ಕಥೆ ಶುರುವಾದ ಊರಿಗೆ, ಹೋಗುವುದು ಪಕ್ಕಾ. ಬೆಳಿಗ್ಗೆ 8ಕ್ಕೆ ಸ್ಯಾಕ್ರಮೆಂಟೊದಿಂದ ಹೊರಡುತ್ತೇವೆ. ಬೇ ಏರಿಯಾದವರು ನೇರವಾಗಿ ಅಲ್ಲಿಗೇ ಬಂದರೂ ಆದೀತು.

ಮಕ್ಕಳಿಗೆ ಮೊದಲೇ ಒಂದಿಷ್ಟು ಹೇಳಿಡಿ. 1848ರ ಜನವರಿ 24ರಂದು, ಜಾನ್ ಸಟರ್‌ಗಾಗಿ ಮರ ಕೊಯ್ಯುವ ಮಿಲ್ ಕಟ್ಟಿಸುತ್ತಿದ್ದ ಜೇಮ್ಸ್ ಮಾರ್ಷಲ್‌ಗೆ ನೀರು ಹೊರಹೋಗುವ ಕಾಲುವೆಯಲ್ಲಿ ಚಿನ್ನದ ಹಳದಿ ಚೂರು ಕಂಡದ್ದು ಇಲ್ಲೇ. ಒಂಬತ್ತೇ ದಿನಕ್ಕೆ, ಈ ಸುದ್ದಿ ಗೊತ್ತಿಲ್ಲದೆಯೇ, ಯುದ್ಧದಲ್ಲಿ ಸೋತ ಮೆಕ್ಸಿಕೊ ಒಪ್ಪಂದಕ್ಕೆ ಸಹಿ ಹಾಕಿ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು! ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 3 ಲಕ್ಷ ಜನ ನುಗ್ಗಿದರು. 1850ಕ್ಕೆ ಇದು ರಾಜ್ಯವೂ ಆಯಿತು.

ಚಿನ್ನದ ಕಥೆಗೇ ನಿಲ್ಲಿಸಬೇಡಿ ಅಂತ ನನ್ನ ಕೋರಿಕೆ. ಕೊಲೋಮಾದ ಆ ಕಣಿವೆ ನಿಸೆನಾನ್ ಎಂಬ ಮೂಲನಿವಾಸಿ ಜನರದ್ದು. ಸಟರ್‌ನ ಕೆಲಸಗಾರರಲ್ಲಿ ಮೂಲನಿವಾಸಿಗಳೂ ಇದ್ದರು. ಕ್ಯಾಲಿಫೋರ್ನಿಯಾದಲ್ಲಿ ಅಂದಾಜು ಒಂದೂವರೆ ಲಕ್ಷವಿದ್ದ ಮೂಲನಿವಾಸಿಗಳು 1870ರ ಹೊತ್ತಿಗೆ 30 ಸಾವಿರದ ಆಸುಪಾಸಿಗೆ ಇಳಿದರು. ರೋಗ, ಹಸಿವು, ಜತೆಗೆ ಸರ್ಕಾರವೇ ಹಣ ಕೊಟ್ಟು ಕಳಿಸಿದ ದಂಡುಗಳು. ದೊಡ್ಡ ಮಕ್ಕಳಿಗಾದರೂ ಇದು ತಿಳಿದಿರಲಿ.

ಇನ್ನು ಕೆಲಸದ ಮಾತು:
👉 ಗುರುತಿಸಿದ ಜಾಗದಲ್ಲಿ ಮಾತ್ರ ಮರಳು ಜಾಲಿಸಬಹುದು. ಕೈ, ತಟ್ಟೆ ಅಷ್ಟೇ, ಸಲಿಕೆ ತರಬೇಡಿ.
👉 ಅಮೆರಿಕನ್ ನದಿಯ ನೀರು ಕೊರೆಯುತ್ತದೆ, ಸೆಳೆತವೂ ಇದೆ. ಮಕ್ಕಳ ಕೈ ಬಿಡಬೇಡಿ. ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ.
👉 ಚಿತ್ರಾನ್ನ, ಮೊಸರನ್ನ ನಮ್ಮ ಮನೆಯಿಂದ. ಉಳಿದದ್ದು ನೀವು ಹಂಚಿಕೊಳ್ಳಿ.

ಎಷ್ಟು ಜನ ಬರುತ್ತೀರಿ, ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ ಅಂತ ಬುಧವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಬರೀ 👍 ಹಾಕಿದರೆ ಲೆಕ್ಕ ಸಿಗುವುದಿಲ್ಲ ದಯವಿಟ್ಟು.