ಗೈಡ್ ಆರಿಸುವ ಮುನ್ನ: ಪವಿತ್ರಾಗೆ ದೊಡ್ಡಮ್ಮನ ಪತ್ರ

ಸರಸ್ವತಿಪುರಂ, ಮೈಸೂರು

ಚಿ. ಪವಿತ್ರಾಗೆ ದೊಡ್ಡಮ್ಮನ ಆಶೀರ್ವಾದಗಳು.

ಸಂಶೋಧನೆಗೆ ಕೊಡುವ ಫೆಲೋಶಿಪ್ಪು, ಜೆಆರ್‌ಎಫ್, ಸಿಕ್ಕಿತೆಂದು ನಿಮ್ಮಪ್ಪ ಫೋನ್ ಮಾಡಿದಾಗಿನಿಂದ ಮನೆಯಲ್ಲೆಲ್ಲ ಹಿಗ್ಗೋ ಹಿಗ್ಗು. ಪಿಎಚ್‌ಡಿಗೆ ನಮ್ಮ ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೇ ಇರಲೋ, ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐಗೆ ಸೇರಲೋ, ಬೆಂಗಳೂರಿಗೆ ಹೋಗಲೋ ಎಂದು ಕೇಳಿದ್ದೀಯ. ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು, ಯಾರ ಕೈಕೆಳಗೆ, ಅಂದರೆ ಗೈಡ್ ಯಾರು ಎಂಬುದು. ಸಂಸ್ಥೆ ಎಷ್ಟೇ ದೊಡ್ಡದಿರಲಿ, ಗೈಡ್ ತಿರುಗಿ ನೋಡದಿದ್ದರೆ ಪ್ರಬಂಧ ಇದ್ದಲ್ಲೇ ಇರುತ್ತದೆ.

ಮೊದಲು ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ತೆರೆದು ಗೈಡ್ ಹೆಸರು ಹಾಕಿ ಹುಡುಕು. ಎಲ್ಲರದೂ ಅಲ್ಲಿರುವುದಿಲ್ಲ, ಆದರೂ ನಮ್ಮ ವಿಶ್ವವಿದ್ಯಾಲಯದ ಪ್ರಬಂಧಗಳು ಬಹಳಷ್ಟು ಸಿಗುತ್ತವೆ. ಆ ವಿದ್ಯಾರ್ಥಿಗಳ ಹೆಸರನ್ನು ವೈದ್ಯಕೀಯ, ಜೀವವಿಜ್ಞಾನದ ಪೇಪರುಗಳ ಪಟ್ಟಿಯಿರುವ ಪಬ್‌ಮೆಡ್‌ನಲ್ಲಿ ನೋಡು. ಪ್ರಬಂಧದ ಕೆಲಸ ಪತ್ರಿಕೆಯಲ್ಲಿ ಪೇಪರ್ ಆಗಿ ಬಂದಿದೆಯೇ? ಆಗಿದ್ದರೆ ಮೊದಲ ಹೆಸರು ವಿದ್ಯಾರ್ಥಿಯದೇ, ಬೇರೆ ಯಾರದೋ?

ಆಮೇಲೆ ಆ ಲ್ಯಾಬಿನ ಹುಡುಗ ಹುಡುಗಿಯರನ್ನು ಕ್ಯಾಂಟೀನಿನಲ್ಲಿ ಮಾತಾಡಿಸು. ವಾಟ್ಸಾಪಿನಲ್ಲಿ ಯಾರೂ ನಿಜ ಬರೆಯುವುದಿಲ್ಲ. ‘ಗೈಡ್ ಹೇಗೆ?’ ಎಂದರೆ ‘ತುಂಬ ಒಳ್ಳೆಯವರು’ ಎಂದೇ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳು: ಕೊನೆಯ ಸಲ ಅವರ ಜೊತೆ ಕೂತು ಡೇಟಾ ನೋಡಿದ್ದು ಯಾವಾಗ? ಕೊಟ್ಟ ಡ್ರಾಫ್ಟ್ ಎಷ್ಟು ದಿನಕ್ಕೆ ತಿದ್ದಿ ಬಂತು? ಪ್ರೋಟೀನ್ ಗುರುತಿಸಲು ಬಳಸುವ ಆಂಟಿಬಾಡಿಗೆ ಆರ್ಡರ್ ಹಾಕಿದರೆ ಎಷ್ಟು ವಾರಕ್ಕೆ ಕೈಗೆ ಸಿಗುತ್ತದೆ? ಅರ್ಧಕ್ಕೆ ಬಿಟ್ಟುಹೋದವರು ಎಷ್ಟು ಜನ, ಯಾಕೆ ಹೋದರು? ಬಿಟ್ಟುಹೋದವರೊಬ್ಬರು ಮಾತಿಗೆ ಸಿಕ್ಕರೆ ಅವರನ್ನೂ ಕೇಳು.

ಗೈಡನ್ನೇ ನೇರವಾಗಿ ಕೇಳಬೇಕಾದ ಮಾತುಗಳೂ ಇವೆ, ಅವು ಅಧಿಕಪ್ರಸಂಗವಲ್ಲ. ನೀನು ಮಾಡಹೊರಟಿರುವುದು ಕ್ಯಾನ್ಸರ್ ಕೋಶಗಳ ಕೆಲಸ. ಕೋಶ ಬೆಳೆಸಲು ಹಾಕುವ ಸೀರಂ, ಆಂಟಿಬಾಡಿ ಎಲ್ಲ ದುಬಾರಿ. ಪ್ರಾಜೆಕ್ಟಿನ ಹಣ ಮುಗಿದರೆ ಇನ್‌ಕ್ಯುಬೇಟರ್ ಇದ್ದೂ ಖಾಲಿ ಬಿದ್ದಿರುತ್ತದೆ. ಆದ್ದರಿಂದ ಈಗಿನ ಪ್ರಾಜೆಕ್ಟ್ ಯಾವ ವರ್ಷಕ್ಕೆ ಮುಗಿಯುತ್ತದೆಂದು ಕೇಳು. ರೋಗಿಗಳ ಟಿಶ್ಯೂ ಬೇಕಾದರೆ ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಯಲ್ಲಿದೆಯೇ, ಇನ್ನು ಅರ್ಜಿ ಹಾಕಬೇಕೇ ಎಂಬುದೂ ಮುಖ್ಯ. ಒಪ್ಪಿಗೆಯಿಲ್ಲದೆ ಒಂದು ಸ್ಯಾಂಪಲ್ ಕೂಡ ಮುಟ್ಟುವಂತಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಕಾದು ಕೂತವರಿದ್ದಾರೆ. ಗೈಡ್ ಬಳಿ ಜಾಗ ಇದೆಯೇ ಎಂದೂ ಕೇಳು: ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರಿಗೆ 8, ಅಸೋಸಿಯೇಟ್ ಪ್ರೊಫೆಸರಿಗೆ 6, ಅಸಿಸ್ಟೆಂಟ್ ಪ್ರೊಫೆಸರಿಗೆ 4 ಜನ ಪಿಎಚ್‌ಡಿ ವಿದ್ಯಾರ್ಥಿಗಳ ಮಿತಿ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಇದನ್ನು ಮೊದಲೇ ವಿಚಾರಿಸದೆ ಒಂದು ವರ್ಷ ಕಳೆದುಕೊಳ್ಳಬೇಡ.

ಇಮೇಲ್ ಬರೆಯುವಾಗ ‘ತಮ್ಮ ಘನ ಲ್ಯಾಬಿನಲ್ಲಿ ಸೇರಲು ಅತೀವ ಆಸಕ್ತಿ’ ಎಂದು ಶುರುಮಾಡಿದರೆ ಮುಂದಕ್ಕೆ ಓದುವುದಿಲ್ಲ ಕಣೇ. 150 ಪದ ಸಾಕು. ಅವರ ಯಾವ ಪೇಪರ್ ಓದಿದೆ, ಅದರ ಯಾವ ಚಿತ್ರ ನೋಡಿ ಯಾವ ಪ್ರಶ್ನೆ ಹುಟ್ಟಿತು, ನಿನ್ನ ಕೈಗೆ ಏನೇನು ಬರುತ್ತದೆ, ಫೆಲೋಶಿಪ್ ಇದೆ ಎಂಬುದು. ಪ್ರೋಟೀನ್ ಪತ್ತೆಮಾಡುವ ವೆಸ್ಟರ್ನ್ ಬ್ಲಾಟ್ ಪ್ರಯೋಗವನ್ನು ನೋಡಿದ್ದಷ್ಟೇ ಆದರೆ ಬರುತ್ತದೆ ಎಂದು ಬರೆಯಬೇಡ, ಸಂದರ್ಶನದಲ್ಲಿ ಎರಡೇ ಪ್ರಶ್ನೆಗೆ ಗೊತ್ತಾಗುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸು. ಹತ್ತು ದಿನ ಕಾದು ಒಂದು ಸಲ ನೆನಪಿಸು, ಮತ್ತೆ ಬೇಡ.

ಸೇರಿದ ಮೊದಲ ತಿಂಗಳಲ್ಲೇ ಮೂರು ವಿಷಯ ಮಾತಾಡಿಕೊಳ್ಳಬೇಕು: ವಾರಕ್ಕೋ ಹದಿನೈದು ದಿನಕ್ಕೋ ಭೇಟಿ, ಯಾವ ಕೆಲಸಕ್ಕೆ ಪೇಪರಿನಲ್ಲಿ ಯಾರ ಹೆಸರು ಎಲ್ಲಿ, ರಜೆ ಹೇಗೆ. ಮಾತಾಡಿದ್ದನ್ನು ಅಂದೇ ಸಂಜೆ ನಾಲ್ಕು ಸಾಲಿನ ಇಮೇಲ್ ಮಾಡು: ‘ಇವತ್ತು ಹೀಗೆ ತೀರ್ಮಾನಿಸಿದೆವು, ತಪ್ಪಿದ್ದರೆ ತಿಳಿಸಿ.’ ಹೆಸರಿನ ವಿಷಯವನ್ನು ಪೇಪರ್ ಬರೆಯುವ ಹೊತ್ತಿಗೆ ಎತ್ತಿದರೆ ಜಗಳವಾಗುತ್ತದೆ, ಪ್ರಯೋಗಕ್ಕೆ ಮುಂಚೆ ಎತ್ತಿದರೆ ಬರೀ ಮಾತುಕತೆ. ಪ್ರತಿ ವಾರ ಒಂದು ಪುಟ ಬರೆದುಕೊಂಡು ಹೋಗು: ಮಾಡಿದ್ದು, ಬಂದ ಫಲಿತಾಂಶ, ತೊಡಕಾದದ್ದು, ಮುಂದಿನ ವಾರದ್ದು. ತೊಡಕಾದದ್ದನ್ನು ಮುಚ್ಚಿಡಬೇಡ. ಬೆಳೆಸುತ್ತಿರುವ ಕೋಶಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡದ್ದನ್ನು ಬೈಗುಳಕ್ಕೆ ಹೆದರಿ ಹೇಳದೆ ಮುಂದುವರಿದರೆ ಆರು ತಿಂಗಳ ಡೇಟಾ ಹೋಗುತ್ತದೆ. ಲ್ಯಾಬ್ ನೋಟ್‌ಬುಕ್ಕಿಗೆ ಪುಟಸಂಖ್ಯೆ, ತಾರೀಕು, ಪೆನ್ನಿನ ಬರಹ. ಪುಟ ಹರಿದುಹಾಕುವುದು, ವೈಟ್ನರ್ ಹಚ್ಚುವುದು ಕೂಡದು.

ಇಷ್ಟಾದರೂ ಒಬ್ಬ ಗೈಡ್ ಸಾಲದು ಎಂಬುದೇ ನಾನು ನಿನಗೆ ಮುಖ್ಯವಾಗಿ ಹೇಳಬೇಕಾದ್ದು. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ ಅನುದಾನಗಳ ಬಗ್ಗೆ 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಓದು, ತರಬೇತಿ, ಪ್ರಕಟವಾದ ಪೇಪರು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಪ್ಪು ಜನಾಂಗದ ಅರ್ಜಿದಾರರಿಗೆ ಅನುದಾನ ಸಿಗುವ ಪ್ರಮಾಣ ಬಿಳಿಯರಿಗಿಂತ ಶೇಕಡಾವಾರಿನಲ್ಲಿ 10 ಅಂಶ ಕಡಿಮೆ ಇತ್ತು. ಇಂಥ ಅಂತರ ತಗ್ಗಿಸಲೆಂದು 2014ರಲ್ಲಿ ಎನ್‌ಐಎಚ್ ಹಣ ಕೊಟ್ಟು ಮಾರ್ಗದರ್ಶಕರ ರಾಷ್ಟ್ರೀಯ ಜಾಲವನ್ನೇ ಕಟ್ಟಿಸಿತು. ಮನೆಯಲ್ಲಿ ಮೊದಲ ಸಲ ಸಂಶೋಧನೆಗೆ ಬಂದವಳು, ಕನ್ನಡ ಮೀಡಿಯಮ್ಮಿನವಳು, ಹಳ್ಳಿಯವಳು ಎಂದರೆ ನಮ್ಮಲ್ಲೂ ಒಳಗಿನ ಸುದ್ದಿ ಕಿವಿಗೆ ಬೀಳುವುದೇ ತಡ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಗದ್ದೆಯವರು ನೀರನ್ನು ಕೇಳಿಯೇ ಪಡೆಯಬೇಕಲ್ಲವೇ, ಹಾಗೆ ನೀನೂ ಬಾಯಿಬಿಟ್ಟು ಕೇಳಬೇಕು. ಪ್ರಯೋಗದ ಕೈಚಳಕಕ್ಕೆ ಒಬ್ಬ ಸೀನಿಯರ್, ಅಂಕಿಅಂಶಕ್ಕೆ ಒಬ್ಬರು, ಮುಂದಿನ ದಾರಿಗೆ ನಿನ್ನ ವಿಭಾಗದಾಚೆಯವರೊಬ್ಬರು. ‘ನನಗೆ ಮಾರ್ಗದರ್ಶಕರಾಗಿ’ ಎಂದು ಬೇಡುವುದಲ್ಲ. ‘ಈ ಗ್ರಾಫ್ ನೋಡಲು ಇಪ್ಪತ್ತು ನಿಮಿಷ ಕೊಡುತ್ತೀರಾ ಮೇಡಂ’ ಎಂದು ಕೇಳು. ಸಲಹೆ ಪಾಲಿಸಿ ಏನಾಯಿತೆಂದು ತಿಳಿಸಿದರೆ ಎರಡನೇ ಸಲ ಅವರೇ ವಿಚಾರಿಸುತ್ತಾರೆ. ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹೋಗಲೇಬೇಕು. ಅಲ್ಲಿರುವವರ ಪರಿಚಯ ಬೆಳೆಸಿಕೋ, ಗೈಡ್ ಜೊತೆ ಸರಿಹೋಗದಿದ್ದರೆ ಮೊದಲು ಮಾತಾಡಬೇಕಾದವರು ಅವರೇ. ಬದಲಾಯಿಸುವುದಿದ್ದರೆ ಮೊದಲ ವರ್ಷದಲ್ಲೇ.

ಹಣದ ಮಾತು. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ ಮೌಲ್ಯಮಾಪನವಾಗಿ ಸೀನಿಯರ್ ಫೆಲೋಶಿಪ್ (ಎಸ್‌ಆರ್‌ಎಫ್) ಆದರೆ 42,000. ಮೊದಲ ಕಂತು ತಿಂಗಳುಗಟ್ಟಲೆ ತಡವಾಗುವುದುಂಟು, ಮೂರ್ನಾಲ್ಕು ತಿಂಗಳ ಹಾಸ್ಟೆಲ್ ಖರ್ಚು ಕೈಯಲ್ಲಿರಲಿ. ಇನ್ನು ಕೇಂದ್ರದ ಮೀಸಲಾತಿಗೆ ಕೇಳುವ ಒಬಿಸಿ ಸರ್ಟಿಫಿಕೇಟ್ ಬೇರೆ ನಮೂನೆಯದು. ನಮ್ಮ ರಾಜ್ಯದ 2ಎ, 3ಎ ಪತ್ರ ಅದಕ್ಕೆ ನಡೆಯುವುದಿಲ್ಲ. ನಾಡಕಚೇರಿಗೆ ಈ ವಾರವೇ ಹೋಗು.

ಮದುವೆಯ ಮಾತು ಬಂದಾಗ ಮನೆಯವರಿಗೆ ಇದನ್ನು ತೋರಿಸು: ಹೆಣ್ಣುಮಕ್ಕಳಿಗೆ ಪಿಎಚ್‌ಡಿ ಅವಧಿಯಲ್ಲಿ 240 ದಿನದವರೆಗೆ ಹೆರಿಗೆ, ಶಿಶುಪಾಲನಾ ರಜೆ ಇದೆ, ಮುಗಿಸಲು ಹೆಚ್ಚುವರಿ ಎರಡು ವರ್ಷವೂ ಇದೆ. ಓದು ಬಿಡುವ ಮಾತೇ ಏಳಬಾರದು.

ಭಾನುವಾರ ಮಂಡ್ಯದಿಂದ ಬರುವಾಗ ನಾಲ್ಕು ಗೈಡ್‌ಗಳ ಹೆಸರು, ಪ್ರತಿಯೊಬ್ಬರ ಎರಡೆರಡು ಪೇಪರು, ಒಂದು ಇಮೇಲಿನ ಕರಡು ತಾ. ಕೂತು ತಿದ್ದೋಣ.

ನಿನ್ನ ದೊಡ್ಡಮ್ಮ