ಶಾಲೆ ಬಾಗಿಲು ತೆರೆಯುವ ದಿನ ತರಗತಿಯಲ್ಲಿ ಟೀಚರ್ ಇರಲಿ, ಸರ್

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ಸರ್, ನಾನು ಬೆಂಗಳೂರಿನ ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಮಗಳು ಮನೆ ಹತ್ತಿರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ಅಲ್ಲಿನ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನೂ ಒಬ್ಬ ಸದಸ್ಯೆ.

2024ರ ಆಗಸ್ಟ್‌ನಲ್ಲಿ ಯಾದಗಿರಿ ಕಡೆಯ ಹುಡುಗನೊಬ್ಬ ನನ್ನ ಮಗಳ ತರಗತಿಗೆ ಸೇರಿದ. ಅಪ್ಪ ಅಮ್ಮ ಕಟ್ಟಡದ ಕೆಲಸದವರು. ಎರಡು ವರ್ಷದಲ್ಲಿ ಅವನಿಗೆ ಅದು ಮೂರನೇ ಶಾಲೆ. ಅಕ್ಷರ ಬರುತ್ತಿತ್ತು, ಕಾಗುಣಿತವೂ ಒಂದು ಮಟ್ಟಿಗೆ ಬರುತ್ತಿತ್ತು. ಒತ್ತಕ್ಷರ ಸಿಕ್ಕರೆ ಮಾತ್ರ ನಿಂತುಬಿಡುತ್ತಿದ್ದ. ‘ಹಳ್ಳಿ’ಯನ್ನು ‘ಹಳಿ’ ಅಂತ ಓದುತ್ತಿದ್ದ. ಅಲ್ಲಿದ್ದ ಅತಿಥಿ ಶಿಕ್ಷಕಿ ಪುಸ್ತಕ ಪಕ್ಕಕ್ಕಿಟ್ಟರು. ಅವನು ದಿನಾ ನೋಡುವ ಬಸ್ಸಿನ ಬೋರ್ಡುಗಳನ್ನೇ ಚಾಕ್‌ಪೀಸ್‌ನಲ್ಲಿ ಬರೆದರು. ಜಾಲಹಳ್ಳಿ ಕ್ರಾಸ್. ದಾಸರಹಳ್ಳಿ. ಮೆಜೆಸ್ಟಿಕ್. “ಳ ಕೆಳಗೆ ಇನ್ನೊಂದು ಳ ಕೂತಿದೆ ನೋಡು, ಇಬ್ಬರನ್ನೂ ಕೂಗು” ಅನ್ನುತ್ತಿದ್ದರು. ಡಿಸೆಂಬರ್ ಹೊತ್ತಿಗೆ ಅವನು ಸ್ಟಾಪಿನಲ್ಲಿ ನಿಂತು ಅಮ್ಮನಿಗೆ ಬೋರ್ಡ್ ಓದಿ ಹೇಳುತ್ತಿದ್ದನಂತೆ. ಅವನಮ್ಮ ಇದನ್ನು ನನಗೆ ಹೇಳುವಾಗ ಅವರ ಮುಖ ನೀವು ನೋಡಬೇಕಿತ್ತು.

ಆ ವರ್ಷದ ಪಾಠ ಮುಗಿಯಿತು, ಟೀಚರ್ ಅವಧಿಯೂ ಮುಗಿಯಿತು. 2025ರ ಮೇ ಕೊನೆಯಲ್ಲಿ ಶಾಲೆ ಶುರುವಾದಾಗ ಆ ತರಗತಿಗೆ ಯಾರೂ ಇರಲಿಲ್ಲ. ಜುಲೈ ತನಕ ನಾಲ್ಕು, ಐದು ಎರಡನ್ನೂ ಮುಖ್ಯ ಶಿಕ್ಷಕಿಯೇ ಒಂದೇ ಕೋಣೆಯಲ್ಲಿ ಕೂರಿಸಿಕೊಂಡರು. ಜೊತೆಗೆ ಬಿಸಿಯೂಟ, ಮೊಟ್ಟೆ ಲೆಕ್ಕ, ಆನ್‌ಲೈನ್ ದಾಖಲೆ. ಹಳೆಯ ಟೀಚರ್ ಖಾಸಗಿ ಶಾಲೆಗೆ ಹೋಗಿಬಿಟ್ಟಿದ್ದರು. ಅವರನ್ನು ತಪ್ಪು ಅನ್ನೋಕಾಗಲ್ಲ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಆಗ ಸಿಗುತ್ತಿದ್ದದ್ದು ತಿಂಗಳಿಗೆ 10 ಸಾವಿರ. 2025ರ ಬಜೆಟ್‌ನಲ್ಲಿ 2 ಸಾವಿರ ಜಾಸ್ತಿ ಮಾಡುವುದಾಗಿ ಹೇಳಿದಿರಿ. ಸಂತೋಷ. ಆದರೆ ನಮ್ಮ ಏರಿಯಾದಲ್ಲಿ ಒಂದು ರೂಮಿನ ಮನೆ ಬಾಡಿಗೆಗೇ ಅದರಲ್ಲಿ ಅರ್ಧ ಹೋಗುತ್ತದೆ. ರಜೆಯ ತಿಂಗಳುಗಳಲ್ಲಿ ಅದೂ ಇಲ್ಲ.

ಖಾಲಿ ಹುದ್ದೆ ಮಂಜೂರಾದ ಹುದ್ದೆಗಳ ಶೇ 10 ಮೀರಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಂ ಹೇಳುತ್ತದೆ. ನಮ್ಮಲ್ಲಿ ಮೂರು ಹುದ್ದೆಯಲ್ಲಿ ಒಂದು ಖಾಲಿ. ಅದನ್ನು ಕಾಯಂ ನೇಮಕಾತಿಯಿಂದ ತುಂಬಿಸಿ ಸರ್. ಆ ನೇಮಕಾತಿ ಪ್ರತಿ ವರ್ಷ ಗೊತ್ತಾದ ತಿಂಗಳಲ್ಲಿ ನಡೆಯಲಿ. 6ರಿಂದ 8ನೇ ತರಗತಿಯ 15 ಸಾವಿರ ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ಆಯಿತು. ಕೋರ್ಟು ಕಚೇರಿ ಎಲ್ಲ ಮುಗಿದು ಆಯ್ಕೆಯಾದವರು ಶಾಲೆಗೆ ಬರುವಷ್ಟರಲ್ಲಿ 2023 ಮುಗಿಯುತ್ತಾ ಬಂದಿತ್ತು. ಪರೀಕ್ಷೆ ಆದಾಗ ಆರನೇ ತರಗತಿಗೆ ಕಾಲಿಡುತ್ತಿದ್ದ ಮಕ್ಕಳು ಅಷ್ಟೊತ್ತಿಗೆ ಏಳನೇ ತರಗತಿಯಲ್ಲಿ ಅರ್ಧ ವರ್ಷ ಕಳೆದಿದ್ದರು.

ಇನ್ನೊಂದು ಮಾತು, ಇದು ನಗರದ ಶಾಲೆಗಳಿಗೇ ಸೇರಿದ್ದು. ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಆದರೆ ಯಾವತ್ತಿನ 60? ನಮ್ಮಲ್ಲಿ ಜೂನ್‌ನಲ್ಲಿ ಇದ್ದಷ್ಟೇ ಮಕ್ಕಳು ನವೆಂಬರ್‌ನಲ್ಲಿ ಇರುವುದಿಲ್ಲ. ಕೆಲಸ ಹುಡುಕಿಕೊಂಡು ರಾಯಚೂರು, ಕಲಬುರಗಿ, ಒಡಿಶಾ, ಬಿಹಾರದಿಂದ ಬಂದವರ ಮಕ್ಕಳು ವರ್ಷದ ನಡುವೆ ಸೇರುತ್ತಲೇ ಇರುತ್ತಾರೆ. ಒಂದೇ ದಿನದ ದಾಖಲಾತಿ ನೋಡಿ ‘ಹೆಚ್ಚುವರಿ ಶಿಕ್ಷಕರು’ ಅಂತ ಎತ್ತಿ ಬೇರೆ ಕಡೆ ಹಾಕಿದರೆ ಆಮೇಲೆ ಬಂದ ಮಕ್ಕಳಿಗೆ ಕಲಿಸುವವರು ಯಾರು? ಇಂಥ ಶಾಲೆಗಳಿಗೆ ಒಬ್ಬ ಶಿಕ್ಷಕರನ್ನು ಲೆಕ್ಕಕ್ಕಿಂತ ಜಾಸ್ತಿ ಕೊಡಿ. ಹಿಂದಿಯೋ ತೆಲುಗೋ ಉರ್ದುವೋ ಬಲ್ಲವರಾದರೆ ಇನ್ನೂ ಒಳ್ಳೆಯದು. ಮನೆಮಾತಿನಲ್ಲಿ ಎರಡು ಮಾತಾಡಿಸಿದರೆ ಮಗು ಕನ್ನಡಕ್ಕೂ ಬೇಗ ಹತ್ತಿರವಾಗುತ್ತದೆ.

ಹೊಸ ಶಿಕ್ಷಕರು ಬಂದ ಮೇಲೂ ಅವರನ್ನು ಸುಮ್ನೆ ತರಗತಿಗೆ ತಳ್ಳಿಬಿಡಬೇಡಿ. ಈಗ ನಮ್ಮಲ್ಲಿರುವ ಟೀಚರ್ ಚಿಕ್ಕ ವಯಸ್ಸಿನವರು, ಆಸಕ್ತಿ ತುಂಬಾ ಇದೆ. ಒಂದೇ ಕೋಣೆಯಲ್ಲಿ ಎರಡು ತರಗತಿ ಹೇಗೆ ನಡೆಸುವುದು ಅಂತ ಕೇಳಲು ಅವರಿಗೆ ಯಾರೂ ಇಲ್ಲ. ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದರೆ ದಾಖಲೆ ನೋಡಿ ಹೋಗುವುದೇ ಆಗುತ್ತದೆ. ಚೆನ್ನಾಗಿ ಕಲಿಸುವ ಹಿರಿಯ ಶಿಕ್ಷಕರೊಬ್ಬರು ಮೊದಲ ಎರಡು ವರ್ಷ ವಾರಕ್ಕೊಂದು ದಿನ ಬಂದು ಜೊತೆಗೆ ಪಾಠ ಮಾಡಿದರೆ ಎಷ್ಟು ಅನುಕೂಲ ಅಲ್ವಾ?

2025ರ ಅಕ್ಟೋಬರ್‌ನಲ್ಲಿ ಶಿಕ್ಷಕರು ಮನೆ ಮನೆಗೆ ಹೋಗಿ ಮಾಡುತ್ತಿದ್ದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ನೇ ತಾರೀಕಿನವರೆಗೆ ಮುಂದುವರಿಸಿದಿರಿ. ಸಮೀಕ್ಷೆ ಬೇಕು, ನಮ್ಮಂಥವರ ಲೆಕ್ಕ ಸಿಗುವುದೇ ಅದರಿಂದ. ಆದರೆ ಅದೇ ದಿನಗಳಲ್ಲಿ ನಮ್ಮ ಬೀದಿಯ ಖಾಸಗಿ ಶಾಲೆ ವ್ಯಾನು ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು, ನನ್ನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಂದಿನ ಸಲ ಇಂಥ ಕೆಲಸಕ್ಕೆ ಬೇರೆಯವರನ್ನು ಹುಡುಕಿ ಸರ್.

ಆ ಹುಡುಗ ಈಗಲೂ ನಮ್ಮ ಶಾಲೆಯಲ್ಲೇ ಇದ್ದಾನೆ. ಬರುವ ವರ್ಷ ನನ್ನ ಮಗಳ ಜೊತೆ ಆರನೇ ತರಗತಿಗೆ ಬೇರೆ ಶಾಲೆ ಸೇರಬೇಕು. ಅಲ್ಲಿ ಕನ್ನಡದ ಹುದ್ದೆ ಖಾಲಿ ಇದೆ ಅಂತ ವಿಚಾರಿಸಿ ಬಂದಿದ್ದೇನೆ. ಮೇ ಕೊನೆಯೊಳಗೆ ಅದನ್ನು ತುಂಬಿಸಿಕೊಡಿ.

ಇತಿ,
ಒಬ್ಬ ಎಸ್‌ಡಿಎಂಸಿ ಸದಸ್ಯೆ
ಬೆಂಗಳೂರು