ಮಿನಿ ಹಿಟಾಚಿ ಡೆಮೊ ನಮ್ಮ ಹೊಲದಲ್ಲೇ ಆಗ್ಲಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕೋಲಾರದ ಕಡೆ ಮಣ್ಣು ತೆಗೆಯೋ ಗಾಡಿಗೆ ಟೈರ್ ಇದ್ರೆ ಅದು ಜೆಸಿಬಿ, ಚೈನ್ ಇದ್ರೆ ಹಿಟಾಚಿ, ಯಾವ ಕಂಪನಿದಾದ್ರೂ ಸರಿ ಜನ ಕರೆಯೋದು ಹಿಂಗೇ. ಈಗ ಕೆಲವು ವರ್ಷದಿಂದ ಮಿನಿ ಹಿಟಾಚಿ ಅನ್ನೋದು ಊರೂರಿಗೂ ಬರ್ತಾ ಇದೆ, ಒಂದೂವರೆ ಟನ್‌ನಿಂದ ಐದಾರು ಟನ್ ತನಕ ಇರೋ ಚಿಕ್ಕ ಗಾಡಿ, ಜೆಸಿಬಿ ಓಡಿಸ್ತಿದ್ದ ಹುಡುಗರೆಲ್ಲ ಸ್ವಂತಕ್ಕೆ ಒಂದು ತಗೋಬೇಕು ಅಂತ ಓಡಾಡ್ತಿದಾರೆ. ನಿಮ್ಮ ಪೇಪರ್ ನಮ್ಮ ಕಡೆ ಟೀ ಅಂಗಡಿಲೂ ಓದ್ತಾರೆ, ಅದಕ್ಕೇ ಈ ವಿಷಯ ನಿಮಗೇ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಕೋಲಾರ ತಾಲ್ಲೂಕಿನ ರೈತ, ಎರಡೆಕರೆ ರೇಷ್ಮೆ ತೋಟ, ಒಂದೆಕರೆ ಟೊಮೆಟೊ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ನೀರು, ಲಕ್ಷ್ಮೀಸಾಗರ ಕೆರೆಗೆ ಬಿದ್ದಿದ್ದು ಎಲ್ಲರಿಗೂ ನೆನಪಿರುತ್ತೆ, ಆ ನೀರಿನ ಬಗ್ಗೆ ವಾದ ಏನೇ ಇರ್ಲಿ, ಕೆರೆ ತುಂಬಿದ ಕಡೆ ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ, ನೀರು ಬಂದ ಮೇಲೆ ಪೈಪ್‌ಲೈನ್, ಕೃಷಿ ಹೊಂಡ, ಡ್ರಿಪ್ಪಿಗೆ ಕಾಲುವೆ ಅಂತ ಅಗೆಯೋ ಕೆಲಸ ಜಾಸ್ತಿ ಆಗಿದೆ. ಜೆಸಿಬಿ ಏಳೂವರೆ ಎಂಟು ಟನ್ ಗಾಡಿ, ಏಳಡಿ ಮೇಲೆ ಅಗಲ, ತೋಟದೊಳಗೆ ಬಂದ್ರೆ ನಾಲ್ಕು ಸಾಲು ಗಿಡ ತುಳೀತು ಅಂತಲೇ ಲೆಕ್ಕ, ಒಂದಡಿ ಕಾಲುವೆ ಸಾಕು ಅಂದ್ರೂ ಎರಡು ಎರಡೂವರೆ ಅಡಿ ಬಕೆಟ್‌ನಲ್ಲಿ ಬಾವಿ ಥರ ತೆಗೀತಾರೆ, ಆಮೇಲೆ ಮುಚ್ಚೋದು ನಮ್ಮ ಕರ್ಮ. ಮೂರು ಟನ್ ಮಿನಿ ಐದಡಿ ಅಗಲ, ಒಂದಡಿ ಬಕೆಟ್ ಸಿಗುತ್ತೆ, ಎಂಟೊಂಬತ್ತು ಅಡಿ ಆಳ ಹೋಗುತ್ತೆ, ಹಾಗಾಗಿ ಈ ಗಾಡಿ ನಮಗೆ ಬೇಕು ಅನ್ನೋದ್ರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಗಾಡಿ ಮೇಲಲ್ಲ, ಅದನ್ನ ಮಾರೋಕೆ ಮುಂಚೆ ತೋರಿಸೋ ಡೆಮೊ ಮೇಲೆ.

ನಮ್ಮ ಅಕ್ಕನ ಮಗ ಆರು ವರ್ಷ ಬೇರೆಯವರ ಜೆಸಿಬಿ ಓಡಿಸಿದಾನೆ, ಈ ಸಲ ಸ್ವಂತ ಗಾಡಿ ಮಾಡ್ತೀನಿ ಮಾವ ಅಂತ ಬಂದ. ಮೊದಲು ಅವನನ್ನ ಒಂದು ಶೋರೂಂಗೆ ಕರ್ಕೊಂಡು ಹೋದೆ, ಹೆಸರು ಬೇಡ, ಯಾಕಂದ್ರೆ ನಾನು ನೋಡಿದ ಮಟ್ಟಿಗೆ ಎಲ್ಲಾ ಕಡೆ ಇದೇ ಪದ್ಧತಿ. ಹಿಂದೆ ಒಂದು ಯಾರ್ಡ್, ಅಲ್ಲಿ ಲೋಡುಗಟ್ಟಲೆ ತಂದು ಸುರಿದಿರೋ ಸಡಿಲ ಮಣ್ಣು, ನೂರು ಸಲ ಅಗೆದು ಮುಚ್ಚಿ ಹಿಟ್ಟಾಗಿರೋ ಮಣ್ಣು. ಗಾಡಿ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ರು. ಅವರ ಆಪರೇಟರ್ ಹತ್ತು ನಿಮಿಷ ಅಗೆದ, ಬೂಮ್, ಅಂದ್ರೆ ಗಾಡಿಯ ದೊಡ್ಡ ತೋಳು, ಮೇಲೆತ್ತಿ ಸುತ್ತ ತಿರುಗಿಸಿ ತೋರಿಸಿದ, ಆಮೇಲೆ ನಮ್ಮ ಹುಡುಗನಿಗೆ ಐದು ನಿಮಿಷ ಸೀಟು ಕೊಟ್ರು, ಆಯ್ತು, ಒಳಗೆ ಬನ್ನಿ ಸರ್ ಲೋನ್ ಪೇಪರ್ ಮಾತಾಡೋಣ ಅಂದ್ರು. ಇಪ್ಪತ್ತು ಲಕ್ಷದ ಮೇಲಿನ ಗಾಡಿ ಸ್ವಾಮಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಸಂತೆಲಿ ಎತ್ತು ತಗೊಳೋವಾಗ ನಮ್ಮಪ್ಪ ಹಲ್ಲು ನೋಡಿ ಸುಳಿ ನೋಡಿ ನೊಗಕ್ಕೆ ಕಟ್ಟಿ ಅರ್ಧ ದಿನ ಉತ್ತು ನೋಡ್ತಿದ್ರು, ಒಪ್ಪಿಗೆ ಆಗ್ಲಿಲ್ಲ ಅಂದ್ರೆ ವಾಪಸ್ ಹೊಡೀತಿದ್ರು. ಇಲ್ಲಿ ಹದಿನೈದು ನಿಮಿಷ.

ಬೆಂಗಳೂರಲ್ಲಿ ತುಮಕೂರು ರೋಡಿನ ಬಿಐಇಸಿಯಲ್ಲಿ ಎರಡು ವರ್ಷಕ್ಕೊಂದ್ಸಲ ಎಕ್ಸ್‌ಕಾನ್ ಅಂತ ದೊಡ್ಡ ಮೇಳ ಆಗುತ್ತೆ, ಅಲ್ಲಿಗೂ ಹೋಗಿದ್ವಿ. ಎಲ್ಲಾ ಗಾಡಿ ಒಂದೇ ಕಡೆ ನೋಡೋಕೆ, ಸೀಟಲ್ಲಿ ಕೂತು ನೋಡೋಕೆ ಅದು ಒಳ್ಳೆ ಜಾಗ, ಆದ್ರೆ ತೊಳೆದು ಪಾಲಿಶ್ ಹೊಡೆದ ಗಾಡಿ ನೋಡಿ ಅದು ನಮ್ಮ ಕಲ್ಲುಭೂಮಿಲಿ ಏನು ಮಾಡುತ್ತೆ ಅಂತ ಯಾರು ಹೇಳೋಕಾಗುತ್ತೆ.

ನಮ್ಮ ದೊಡ್ಡಪ್ಪ ಕೆಜಿಎಫ್‌ನಲ್ಲಿ ಬೆಮೆಲ್‌ನಲ್ಲಿದ್ದು ರಿಟೈರ್ ಆದವರು. 1964ರಲ್ಲಿ ಶುರುವಾದ ಕಂಪನಿ ಅದು, ಬುಲ್ಡೋಜರ್ ಎಕ್ಸ್‌ಕವೇಟರ್ ಎಲ್ಲ ನಮ್ಮ ಜಿಲ್ಲೆಲೇ ತಯಾರಾಗುತ್ತೆ ಅನ್ನೋದು ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರು ಹೇಳಿದ್ದು ಒಂದೇ ಮಾತು, ಗಾಡಿನ ನಿನ್ನ ನೆಲಕ್ಕೆ ಕರ್ಸು, ತಣ್ಣಗಿರೋವಾಗ ಸ್ಟಾರ್ಟ್ ಮಾಡ್ಸು, ಬಿಸಿಯಾಗೋ ತನಕ ಬಿಡಬೇಡ. ಮೂರು ಡೀಲರ್‌ಗೆ ಕೇಳಿದ್ವಿ, ಒಬ್ಬರು ಆಗಲ್ಲ ಅಂದ್ರು, ಇಬ್ಬರು ಕಾಡಿಸಿ ಕಾಡಿಸಿ ಒಪ್ಪಿದ್ರು, ಗಾಡಿ ಹೊತ್ತು ತರೋ ಕ್ಯಾಂಟರ್ ಲಾರಿ ಬಾಡಿಗೆ, ಡೀಸೆಲ್ ನಮ್ಮದೇ ಅಂದ ಮೇಲೆ. ರೇಷ್ಮೆ ಗೂಡು ಬಿಡಿಸಿ ಮಾರ್ಕೆಟ್‌ಗೆ ಹಾಕಿ ಹುಳುಮನೆ ಖಾಲಿ ಇರೋ ವಾರ ನೋಡಿ ಕರೆಸಿದ್ವಿ, ಹುಳು ಇರೋವಾಗ ಗೋಡೆ ಪಕ್ಕ ಡೀಸೆಲ್ ಹೊಗೆ ಬಿಟ್ರೆ ಬೆಳೆಗೆ ಪೆಟ್ಟು ಅನ್ನೋದು ರೇಷ್ಮೆ ಮಾಡೋರಿಗೆಲ್ಲ ಗೊತ್ತಿರೋದೇ.

ಮೊದಲನೇ ಗಾಡಿ ಕ್ಯಾಂಟರ್‌ನಿಂದ ಇಳಿಸಿದ್ದೇ ಬೆಳಗ್ಗೆ ಎಂಟಕ್ಕೆ. ದೊಡ್ಡಪ್ಪ ಹೋಗಿ ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆ, ಹೊಡಿ ಅಂದ್ರು. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು, ಹೊಗೆ ನೋಡಿದ್ವಿ, ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ ಅಂತ ಅರ್ಥ, ಅದೇನೂ ಇರ್ಲಿಲ್ಲ. ಬಯಲಲ್ಲಿ ಐವತ್ತು ಅಡಿ ನೇರಕ್ಕೆ ಎರಡೂ ಲಿವರ್ ಪೂರ್ತಿ ತಳ್ಳಿ ಓಡಿಸಿದ್ರು, ಒಂದು ಕಡೆ ಎಳೆದ್ರೆ ಆ ಕಡೆ ಚೈನ್ ಓಡಿಸೋ ಟ್ರಾವೆಲ್ ಮೋಟಾರ್ ವೀಕ್ ಅಂತ, ಅದೂ ಸರಿಯಾಗೇ ಇತ್ತು. ಬಕೆಟ್ಟನ್ನ ನೆಲಕ್ಕೆ ಊರಿ ಬೂಮ್‌ನ ಸಣ್ಣಗೆ ಎತ್ತಿ ಇಳಿಸಿ ತೋಳಿನ ಕೀಲಲ್ಲಿರೋ ಪ್ರತಿ ಪಿನ್ ಹತ್ರ ಕಣ್ಣಿಟ್ಟು ನೋಡಿದ್ರು, ಪಿನ್ ಕೂರೋ ಬುಷ್‌ನಲ್ಲಿ ಸಡಿಲ ಇದ್ರೆ ಅಲ್ಲಿ ಟಕ್ ಅನ್ನುತ್ತೆ. ಆಮೇಲೆ ಅವರು ಮಾಡಿದ ಕೆಲಸಕ್ಕೆ ಸೇಲ್ಸ್ ಹುಡುಗನ ಮುಖ ಸಪ್ಪಗಾಯ್ತು. ಬಕೆಟ್ ತುಂಬ ಹಸಿ ಮಣ್ಣು ತುಂಬಿಸಿ ಬೂಮ್ ಎತ್ತಿಸಿ ಎಂಜಿನ್ ಆಫ್ ಮಾಡಿಸಿದ್ರು, ಸಿಲಿಂಡರ್ ರಾಡ್ ಎಲ್ಲಿ ಹೊರಗೆ ಬರುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ್ರು, ಹತ್ತು ನಿಮಿಷ ಯಾರೂ ಮುಟ್ಟಬೇಡಿ, ಕೆಳಗೂ ನಿಲ್ಲಬೇಡಿ ಅಂದ್ರು. ನಾವೆಲ್ಲ ಟೀ ಕುಡೀತಾ ದೂರ ನಿಂತು ನೋಡ್ತಿದ್ವಿ. ಹತ್ತು ನಿಮಿಷ ಆಗೋ ಹೊತ್ತಿಗೆ ಗೆರೆ ಸಿಲಿಂಡರ್ ಒಳಗೆ ಮಾಯ, ಬಕೆಟ್ ಕಣ್ಣಿಗೆ ಕಾಣೋ ಹಾಗೆ ಕೆಳಗಿಳಿದಿತ್ತು. ಒಳಗೆ ಸೀಲ್ ಪಕ್ಕದಿಂದಲೋ ವಾಲ್ವ್‌ನಿಂದಲೋ ಆಯಿಲ್ ಜಾರ್ತಿದೆ, ಅಗೆಯೋವಾಗ ಗೊತ್ತಾಗಲ್ಲ, ಕಾಂಕ್ರೀಟ್ ಪೈಪ್ ನೇತು ಹಾಕ್ಕೊಂಡು ಕಾಲುವೆ ಮೇಲೆ ಹಿಡಿದಿರೋವಾಗ ಗೊತ್ತಾಗುತ್ತೆ ಅಂದ್ರು ದೊಡ್ಡಪ್ಪ. ಕಾಲುವೆ ಒಳಗೆ ಪೈಪ್ ಜೋಡಿಸೋಕೆ ಇಳಿದಿರೋನು ಮನುಷ್ಯ ಅಲ್ವಾ. ಆರುನೂರು ಗಂಟೆನೂ ಓಡದ ಡೆಮೊ ಗಾಡಿ ಅದು.

ಆಮೇಲೆ ಬಕೆಟ್ ಜಾಗಕ್ಕೆ ಕಲ್ಲೊಡೆಯೋ ಬ್ರೇಕರ್ ಹಾಕಿಸಿದ್ವಿ. ನಮ್ಮ ನೆಲ ಮೇಲೆ ಎರಡಡಿ ಕೆಂಪು ಮಣ್ಣು, ಆಮೇಲೆ ಸುದ್ದೆ, ಆಮೇಲೆ ಗುಂಡುಕಲ್ಲು, ಕೋಲಾರದ ಬಂಡೆಗಳ ಅಂತರಗಂಗೆ ಬೆಟ್ಟ ನೋಡಿದವರಿಗೆ ನೆಲದೊಳಗೆ ಏನಿದೆ ಅಂತ ಹೇಳಬೇಕಿಲ್ಲ. ಒಂದು ಗಂಟೆ ಹತ್ತು ನಿಮಿಷ ಕಲ್ಲು ಒಡೆಯೋ ಹೊತ್ತಿಗೆ ಟೆಂಪರೇಚರ್ ಕೆಂಪಿಗೆ ಬಂತು, ಬೂಮ್ ಎತ್ತೋದು ನಿಧಾನ ಆಯ್ತು, ಬೆಳಗ್ಗೆ ಬೂಮ್ ಎತ್ತುತ್ತಾ ತಿರುಗ್ತಾ ಇದ್ದ ಗಾಡಿ ಈಗ ಒಂದು ಮಾಡಿದ್ರೆ ಇನ್ನೊಂದು ನಿಲ್ತಿತ್ತು. ರಬ್ಬರ್ ಚೈನ್‌ನ ಒಳ ಅಂಚಲ್ಲಿ ಕಲ್ಲುಚೂರು ಸಿಕ್ಕಿ ಎರಡು ಕಡೆ ಬೆರಳುದ್ದ ಸೀಳಿತ್ತು. ಯಾರ್ಡ್‌ನ ಹಿಟ್ಟು ಮಣ್ಣಲ್ಲಿ ಹದಿನೈದು ನಿಮಿಷದಲ್ಲಿ ಇದರಲ್ಲಿ ಒಂದಾದ್ರೂ ಕಾಣ್ತಿತ್ತಾ ನೀವೇ ಹೇಳಿ.

ಡೀಸೆಲ್ ಲೆಕ್ಕನೂ ಹಂಗೇ. ಟ್ಯಾಂಕ್ ಕುತ್ತಿಗೆ ತನಕ ತುಂಬಿಸಿ ಕೆಲಸ ಆದ ಮೇಲೆ ಮತ್ತೆ ಕುತ್ತಿಗೆ ತನಕ ತುಂಬಿಸಿದ್ವಿ, ಅವರು ಹೇಳಿದ್ದಕ್ಕಿಂತ ಗಂಟೆಗೆ ಮುಕ್ಕಾಲು ಲೀಟರ್ ಜಾಸ್ತಿ ಕುಡಿದಿತ್ತು. ಮುಕ್ಕಾಲು ಲೀಟರ್ ಏನು ಮಹಾ ಅನ್ನಬಹುದು, ತಿಂಗಳಿಗೆ ನೂರು ಗಂಟೆ ಓಡಿದ್ರೆ 75 ಲೀಟರ್, ಲೀಟರ್ 90 ರೂಪಾಯಿ ಅಂತ ಹಿಡಿದ್ರೂ 6,750 ರೂಪಾಯಿ. ಇಪ್ಪತ್ತು ಲಕ್ಷ ಸಾಲ ನಾಲ್ಕು ವರ್ಷಕ್ಕೆ 10 ಪರ್ಸೆಂಟ್ ಬಡ್ಡಿಗೆ ಅಂದ್ರೆ ಕಂತು ತಿಂಗಳಿಗೆ ಐವತ್ತು ಸಾವಿರದ ಮೇಲೆ ಬರುತ್ತೆ, ನಮ್ಮ ಕಡೆ ಬಾಡಿಗೆ ಗಂಟೆಗೆ ಸಾವಿರದ ಆಚೆ ಈಚೆ, ತಿಂಗಳಲ್ಲಿ ಮೊದಲ ಐವತ್ತು ಗಂಟೆ ಬ್ಯಾಂಕಿಗೇ ದುಡಿದಂಗಾಯ್ತು, ಉಳಿದಿದ್ರಲ್ಲಿ ಡೀಸೆಲ್ಲು, ಗ್ರೀಸು, ಮಳೆಗಾಲದಲ್ಲಿ ನಿಂತ ದಿನಗಳು, ಒಂದೂರಿಂದ ಇನ್ನೊಂದೂರಿಗೆ ಕ್ಯಾಂಟರ್ ಬಾಡಿಗೆ. ಈ ಕ್ಯಾಂಟರ್ ವಿಷಯ ಯಾವ ಸೇಲ್ಸ್‌ನವರೂ ತಾವಾಗಿ ಹೇಳಲ್ಲ, ಜೆಸಿಬಿ ಥರ ರೋಡಲ್ಲಿ ಓಡಿಸ್ಕೊಂಡು ಹೋಗೋ ಗಾಡಿ ಅಲ್ಲ ಇದು.

ಎರಡನೇ ಗಾಡಿ ಇನ್ನೊಂದು ವಾರಕ್ಕೆ ಬಂತು, ಬೇರೆ ಡೀಲರ್‌ದು, ಸ್ಟೀಲ್ ಚೈನ್ ಮೇಲೆ ರಬ್ಬರ್ ಪ್ಯಾಡ್ ಇರೋದು. ಇದರ ಸೀಮೆಸುಣ್ಣದ ಗೆರೆ ಹತ್ತು ನಿಮಿಷಕ್ಕೂ ಕಂಡೂ ಕಾಣದಂಗೆ ಜರುಗಿತ್ತು ಅಷ್ಟೇ. ಹುಳುಮನೆ ಗೋಡೆಗೆ ಎರಡಡಿ ಬಿಟ್ಟು ಗೋಡೆ ಉದ್ದಕ್ಕೂ ಕಾಲುವೆ ತೆಗೀಬೇಕಿತ್ತು, ಬೂಮ್ ಬುಡದಲ್ಲೇ ಪಕ್ಕಕ್ಕೆ ತಿರುಗುತ್ತೆ ಇದರಲ್ಲಿ, ಗಾಡಿ ತೋಟದ ಕಡೆ ನಿಂತು ಬಕೆಟ್ ಗೋಡೆ ಪಕ್ಕ ನೇರ ಗೆರೆಲಿ ಅಗೀತಾ ಹೋಯ್ತು, ತಿರುಗಿದ್ರೂ ಹಿಂಭಾಗ ಚೈನ್‌ನಿಂದ ಆಚೆ ಬರಲ್ಲ ಹಾಗಾಗಿ ಹಿಂದಿದ್ದ ಗಿಡದ ಸಾಲಿಗೂ ಏನೂ ಆಗ್ಲಿಲ್ಲ. ಅರವತ್ತಡಿ ಕಾಲುವೆ, ದಾರ ಹಿಡಿದಂಗೆ ಬಂದಿತ್ತು, ನಮ್ಮ ಅಮ್ಮ ಬಂದು ನೋಡಿ ಗುದ್ದಲಿಲಿ ತೆಗೆದ್ರೂ ಇಷ್ಟು ಚೆನ್ನಾಗಿ ಬರಲ್ಲ ಕಣೋ ಅಂದ್ರು. ನನಗೂ ನಿಜವಾಗಿ ಖುಷಿ ಆಯ್ತು.

ಆದ್ರೆ ಇದರಲ್ಲೂ ಒಂದು ವಿಷಯ ಹೊಲದಲ್ಲೇ ಗೊತ್ತಾಗಿದ್ದು. ನಮ್ಮ ಹುಡುಗ ಓಡಿಸ್ತಿದ್ದ ಜೆಸಿಬಿಯಲ್ಲಿ ಬೂಮ್ ಎಡಗೈ ಲಿವರ್‌ನಲ್ಲಿ, ಈ ಗಾಡಿಲಿ ಬೂಮ್ ಬಲಗೈಲಿ, ಎಡಗೈಲಿ ತಿರುಗೋದು ಮತ್ತೆ ಆರ್ಮ್, ಅಂದ್ರೆ ಬೂಮ್ ತುದಿಗಿರೋ ಚಿಕ್ಕ ತೋಳು. ಬಯಲಲ್ಲಿ ನಿಧಾನಕ್ಕೆ ಸರಿಯಾಗೇ ಮಾಡ್ದ, ಗೋಡೆ ಹತ್ರ ಒಂದ್ಸಲ ಗಾಬರಿಲಿ ಹಳೇ ಅಭ್ಯಾಸಕ್ಕೆ ಕೈ ಹೋಗಿ ಬೂಮ್ ಮೇಲೆ ಹೋಗೋ ಬದಲು ಆರ್ಮ್ ಆಡಿತು, ಹುಳುಮನೆ ಶೀಟಿಗೆ ಗೇಣುದ್ದ ಇತ್ತು. ಕೆಲವು ಗಾಡಿಲಿ ಎರಡೂ ಥರ ಬದಲಾಯಿಸೋ ವಾಲ್ವ್ ಇರುತ್ತೆ, ಇದರಲ್ಲಿ ಇರ್ಲಿಲ್ಲ, ಇದೆಯಾ ಅಂತ ಕೇಳಬೇಕು ಅನ್ನೋದೇ ನಮಗೆ ಅಲ್ಲಿ ತನಕ ಹೊಳೆದಿರ್ಲಿಲ್ಲ. ಆಮೇಲೆ ಗ್ರೀಸ್ ನಿಪ್ಪಲ್ ಎಲ್ಲೆಲ್ಲಿವೆ, ದಿನಾ ಬೆಳಗ್ಗೆ ಒಬ್ಬನೇ ಮಲಗದೆ ಕೈ ಹಾಕೋಕಾಗುತ್ತಾ ಅಂತನೂ ಹುಡುಗನ ಕೈಲೇ ಗ್ರೀಸ್ ಗನ್ ಕೊಟ್ಟು ನೋಡಿದ್ವಿ, ದಿನಾ ಕಷ್ಟ ಆಗೋ ನಿಪ್ಪಲ್‌ಗೆ ಮೂರನೇ ತಿಂಗಳಿಂದ ಯಾರೂ ಗ್ರೀಸ್ ಹೊಡೆಯಲ್ಲ, ಅಲ್ಲೇ ಪಿನ್ ಸವೆಯೋಕೆ ಶುರು.

ನಮಗೆ ದೊಡ್ಡಪ್ಪ ಇದ್ರು, ಕ್ಯಾಂಟರ್ ಬಾಡಿಗೆ ಹಾಕೋಕೆ ಕೈಲಿ ಸ್ವಲ್ಪ ದುಡ್ಡಿತ್ತು, ಅದಕ್ಕೆ ಬಚಾವಾದ್ವಿ. ಪಕ್ಕದೂರಿನ ಒಬ್ಬ ಹುಡುಗ ಯಾರ್ಡ್‌ನಲ್ಲೇ ನೋಡಿ ಸೈನ್ ಹಾಕ್ದ, ಕಲ್ಲು ಜಾಸ್ತಿ ಇರೋ ಕಡೆ ಕೆಲಸ ಹಿಡ್ಕೊಂಡ, ವರ್ಷ ತುಂಬೋದ್ರೊಳಗೆ ರಬ್ಬರ್ ಚೈನ್ ಎರಡೂ ಹೋಯ್ತು, ಈಗ ಗಾಡಿ ಅವರ ಮನೆ ಮುಂದೆ ಟಾರ್ಪಾಲ್ ಹೊದ್ದು ನಿಂತಿದೆ, ಕಂತು ಕಟ್ಟೋಕೆ ಅವರಪ್ಪ ಎರಡು ಹಸು ಮಾರಿದ್ರು. ಆ ಹುಡುಗ ಸೋಮಾರಿ ಅಲ್ಲ, ಕುಡಿಯೋನೂ ಅಲ್ಲ, ಅವನಿಗೆ ಸರಿಯಾಗಿ ನೋಡೋ ಅವಕಾಶ ಯಾರೂ ಕೊಡ್ಲಿಲ್ಲ ಅಷ್ಟೇ. ಅವರ ಮನೆ ಮುಂದೆ ಹೋಗೋವಾಗೆಲ್ಲ ನನಗೆ ಹೊಟ್ಟೆ ಕಿವುಚುತ್ತೆ.

ಅದಕ್ಕೆ ನಾನು ಕೇಳೋದು ಇಷ್ಟು. ಮಿನಿ ಹಿಟಾಚಿ ಮಾರೋ ಡೀಲರ್‌ಗಳು ತಗೊಳ್ಳೋನ ಹೊಲದಲ್ಲಿ ಅರ್ಧ ದಿನ ಡೆಮೊ ಕೊಡ್ಬೇಕು, ಬ್ರೇಕರ್ ಸಮೇತ, ಓಡಿಸೋದು ಅವರ ಆಪರೇಟರ್ ಅಲ್ಲ, ಮುಂದೆ ಯಾರು ಓಡಿಸ್ತಾನೋ ಅವನು. ಸಾಲ ಕೊಡೋ ಬ್ಯಾಂಕು ಫೈನಾನ್ಸ್‌ನವರು ಕೊಟೇಶನ್ ಜೊತೆ ಎಷ್ಟು ಗಂಟೆ ಓಡಿಸಿ ನೋಡಿದ, ಎಷ್ಟು ಡೀಸೆಲ್ ಆಯ್ತು ಅಂತ ಒಂದು ಹಾಳೆ ಕೇಳಲಿ, ಗಾಡಿ ನಿಂತ್ರೆ ನಷ್ಟ ಅವರಿಗೂ ತಾನೆ. ಸರ್ಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ತಾಲ್ಲೂಕಿಗೊಂದಾದ್ರೂ ಇಂಥ ಗಾಡಿ ಇದ್ರೆ ಹುಡುಗರು ಬಾಡಿಗೆಗೆ ತಗೊಂಡು ಒಂದು ವಾರ ದುಡಿದು ನೋಡಿ ಆಮೇಲೆ ಸಾಲಕ್ಕೆ ಕೈ ಹಾಕಬಹುದು, ನಮ್ಮಂಥ ಸಣ್ಣ ರೈತರ ಕಾಲುವೆ ಕೆಲಸನೂ ಆಗುತ್ತೆ.

ನಮ್ಮ ಹುಡುಗ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಆಗಲ್ಲ ಅಂದ ಆ ಮೂರನೇ ಡೀಲರ್ ಇದನ್ನ ಓದ್ತಿದ್ರೆ, ಡೀಸೆಲ್ ನಮ್ಮದು, ಕ್ಯಾಂಟರ್ ಬಾಡಿಗೆ ನಮ್ಮದು, ಮಧ್ಯಾಹ್ನ ಮುದ್ದೆ ಊಟನೂ ನಮ್ಮನೆಲೇ, ತೋಟದ ಮೂಲೆಲಿ ಇನ್ನೂ ನಲವತ್ತಡಿ ಕಾಲುವೆ ಬಾಕಿ ಇದೆ, ಗಾಡಿ ಕಳಿಸಿ.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ,
ಕೋಲಾರ ತಾಲ್ಲೂಕು